ತಡವಾಗಿ ತಿರುಗುವ ಬಸ್ಸು

ಧೊಪ್ಪೆಂದು ಕೌಂಟರಿನ ಮೇಲೆ ಕೂತ ಕಂಪ್ಯೂಟರ್ ಡಬ್ಬದ ಸದ್ದಿಗೆ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು.

"ಇದನ್ನ ನಿಮ್ಮ ಅಂಗಡೀಲೇ ತಗೊಂಡಿದ್ದು. ಇಷ್ಟು ದಿನ ಚೆನ್ನಾಗಿತ್ತು. ಈಗ ಆಟ ಆಡೋಕೆ ಕೂತ್ರೆ ಎಳೆದೂ ಎಳೆದೂ ಹೋಗುತ್ತೆ. ದಯವಿಟ್ಟು ಇವತ್ತೇ ನೋಡ್ತೀರಾ?"

ಅವಳು ತಲೆಯೆತ್ತಿದಳು. ಎತ್ತರದ ಆಳು. ಒದ್ದೆ ಕೂದಲು. ಕಣ್ಣಿನ ಸುತ್ತ ಈಜುಗನ್ನಡಕ ಒತ್ತಿದ ಗುರುತು. ಧ್ವನಿ ಜೋರಾಗಿತ್ತು, ಕಣ್ಣಲ್ಲಿ ಮಾತ್ರ ಏನೋ ಕಳವಳ.

'ಒಂದು ಆಟಕ್ಕೆ ಇಷ್ಟೊಂದು ಸಂಕಟಾನಾ...' ಎಂದುಕೊಂಡಳು. ಅಷ್ಟರಲ್ಲಿ ಅವಳ ಎದೆ ಯಾಕೋ ಒಂದು ಬಡಿತ ತಪ್ಪಿಸಿತ್ತು. ಅದನ್ನು ಅವಳು ಅವತ್ತು ಒಪ್ಪಿಕೊಳ್ಳಲಿಲ್ಲ, ಬಿಡಿ.

ಅದು ಅವಳ ಅಣ್ಣನ ಅಂಗಡಿ. ಮಾರುವುದು ಅಣ್ಣ, ಗಲ್ಲಾ ನೋಡುವುದು ಅತ್ತಿಗೆ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವುದು ಇವಳು. ಬೀದಿಯವರೆಲ್ಲ ಇವಳನ್ನು ಕರೆಯುವುದೇ ಡಾಕ್ಟ್ರಮ್ಮ ಎಂದು. ಬಂದವನು ಹತ್ತಿರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನಂತೆ. ಅತ್ತಿಗೆ ಅವತ್ತೇ ಅವನಿಗೆ ಈಜು ಮೇಷ್ಟ್ರು ಎಂದು ಹೆಸರಿಟ್ಟುಬಿಟ್ಟಳು.

ಡಾಕ್ಟ್ರಮ್ಮ ಡಬ್ಬ ಬಿಚ್ಚಿ ಧೂಳು ಊದಿದಳು. ಫ್ಯಾನು ತಿರುಗಿತು, ಶಾಖ ಏರಲಿಲ್ಲ. ತನ್ನ ಮೇಜಿನ ಪರದೆಗೆ ಜೋಡಿಸಿ ಅವನ ಆಟವನ್ನೇ ಓಡಿಸಿದಳು. ಊರ ಬೀದಿಗಳಲ್ಲಿ ಬಸ್ಸು ಓಡಿಸುವ ಆಟ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂದು ತೋರಿಸುವ ಅಂಕಿಯನ್ನು ಪರದೆಯ ಮೂಲೆಗೆ ಹಾಕಿದಳು. ಅರವತ್ತು. ಅಲುಗಾಡಲಿಲ್ಲ.

"ಬೆಣ್ಣೆ ಥರ ಓಡ್ತಿದೆಯಲ್ಲ," ಎಂದಳು. "ನೀವೇ ಸ್ವಲ್ಪ ಆಡಿ ತೋರಿಸಿ."

ಅವನು ಕೀಬೋರ್ಡಿನ ಮೇಲೆ ಕೈಯಿಟ್ಟ. ಬಸ್ಸು ಮೊದಲನೇ ತಿರುವಿನಲ್ಲೇ ದೀಪದ ಕಂಬಕ್ಕೆ ಗುದ್ದಿತು. ಎರಡನೇ ತಿರುವಿನಲ್ಲಿ ಒಂದು ಹೂವಿನ ಅಂಗಡಿಯೊಳಗೆ ನುಗ್ಗಿತು.

"ದಿನಾ ಆಡ್ತೀರಾ?"

"ದಿನಾ," ಎಂದ. ಅವನ ಕಿವಿ ಕೆಂಪಾಯಿತು.

ಮುಂದಿನ ವಾರ ಮತ್ತೆ ಬಂದ. ಮನೆಯಲ್ಲಿ ಅದೇ ತೊಂದರೆಯಂತೆ. ಅವಳು ಚಿತ್ರ ಮೂಡಿಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದಳು, ಆಟವನ್ನೂ ಹೊಸದಾಗಿ ತುಂಬಿದಳು. ಇಲ್ಲಿ ಮತ್ತೆ ಅರವತ್ತು. ಕಾಯುವಾಗ ಅವನು ತನ್ನ ಈಜು ಮಕ್ಕಳ ಕಥೆ ಹೇಳಿದ. ಒಬ್ಬಳು ಪುಟ್ಟ ಹುಡುಗಿ ನೀರಿಗಿಳಿಯುವ ಮುಂಚೆ ದಿನಾ 'ಮುಳುಗಿಸಬೇಡ' ಎಂದು ಕೊಳಕ್ಕೇ ಬುದ್ಧಿ ಹೇಳುತ್ತಾಳಂತೆ. ಅವಳು ನಕ್ಕಳು. ಅವನೂ ನಕ್ಕ. ಗಲ್ಲಾದ ಹಿಂದೆ ಅತ್ತಿಗೆ ಬೇಕೆಂದೇ ಕೆಮ್ಮಿದಳು.

ಅವನು ಹೋದ ಮೇಲೆ ಅತ್ತಿಗೆ ಬಿಡಲಿಲ್ಲ. "ಕಾಯಿಲೆ ಮಷೀನಿಗಿಲ್ಲ ಕಣೇ, ತಂದೋನಿಗಿದೆ."

'ಹಾಗಿದ್ರೆ...? ನಿಜವಾಗ್ಲೂ ನನಗೋಸ್ಕರ ಬರ್ತಾನಾ?' ಆ ವಾರವಿಡೀ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವಳು ಕತ್ತೆತ್ತಿ ನೋಡಿದಳು.

ಆದರೆ ಪಕ್ಕದ ಮೊಬೈಲ್ ಅಂಗಡಿಯವರೂ ನಗತೊಡಗಿದರು. ಒಂದು ಬೆಳಿಗ್ಗೆ ಅಣ್ಣ ಮುಖ ಗಂಟಿಕ್ಕಿಕೊಂಡು, ಆ ಮನುಷ್ಯ ಬರೋದು ರಿಪೇರಿಗೋ ನಿನ್ನ ಮುಖ ನೋಡೋಕೋ ಎಂದು ಗಿರಾಕಿಗಳೆದುರೇ ಕೇಳಿಬಿಟ್ಟ. ಅವಳಿಗೆ ಭೂಮಿಗಿಳಿದು ಹೋದಂತಾಯಿತು. ಇಷ್ಟವಿದ್ದರೆ ನೆಟ್ಟಗೆ ಹೇಳಬಾರದೇ? ತಾನು ಮೈಮುರಿದು ಮಾಡುವ ಕೆಲಸವನ್ನೇ ನೆಪ ಮಾಡಿಕೊಂಡು ಸುಳ್ಳು ಹೇಳಬೇಕೇ? ದಿನಾ ಆಡುವವನಿಗೆ ಮೊದಲನೇ ತಿರುವೂ ಗೊತ್ತಿಲ್ಲವೆಂದರೆ ನಂಬುವುದು ಹೇಗೆ?

ಸರಿಯಾಗಿ ಅವತ್ತೇ ಅವನು ಮತ್ತೆ ಡಬ್ಬ ಹೊತ್ತು ಬಂದ.

ಅವಳು ಅದನ್ನು ಬಿಚ್ಚಲೂ ಇಲ್ಲ.

"ಮಷೀನ್‌ನಲ್ಲಿ ಏನೂ ದೋಷ ಇಲ್ಲ. ದೋಷ ಇರೋದು ಆಡೋರ ಕೈಯಲ್ಲಿ. ನೆಪ ಮಾಡ್ಕೊಂಡು ಇನ್ನೊಂದು ಸಲ ಬರಬೇಡಿ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಡಬ್ಬವನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಗೆದ್ದೆನೆಂದುಕೊಂಡಳು. ಆದರೆ ಆ ದಿನ ಊಟ ಸೇರಲಿಲ್ಲ. ಮರುದಿನವೂ ಸೇರಲಿಲ್ಲ. ಬಾಗಿಲಲ್ಲಿ ಬಿದ್ದ ಯಾವ ನೆರಳೂ ಅವನದಾಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ವಯಸ್ಸಾದ ದನಿ. ತಾನು ಈಜು ಕಲಿಸುವವನ ತಂದೆ ಎಂದರು.

"ಮಗ ನನ್ನ ಹತ್ರ ಏನೋ ಮುಚ್ಚಿಡ್ತಿದ್ದಾನಮ್ಮ. ನೀನಾದ್ರೂ ನಿಜ ಹೇಳು. ಮಷೀನ್ ಸರಿ ಇದೆಯಾ?"

ಇನ್ನೂ ಬಿಗುಮಾನ ಇಳಿದಿರಲಿಲ್ಲ ನೋಡಿ. "ಒಂದಿಷ್ಟೂ ದೋಷ ಇಲ್ಲ ಸರ್," ಎಂದುಬಿಟ್ಟಳು.

"ಹಾಗಾದ್ರೆ ಕೈಯೇ ಹೋಯ್ತು ಬಿಡು," ಎಂದರು ಆ ಕಡೆಯಿಂದ. "ಅದನ್ನ ವಾಪಸ್ ತಗೊಂಡು ಯಾವುದಾದ್ರೂ ಮಗುವಿಗೆ ಕೊಡಿ. ನನಗೆ ಇನ್ನು ಬೇಡ."

"ಸರ್... ಆಡೋರು ನೀವಾ?"

ಆಗ ಎಲ್ಲವೂ ಹೊರಬಂತು. ಅವರು ಬದುಕೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಹೋದ ವರ್ಷ ಎಡಗೈಗೆ ಲಕ್ವ ಹೊಡೆಯಿತು. ಸ್ಟೇರಿಂಗ್ ತಿರುಗಿಸಿದ ಹಾಗೆ ಕೈ ಆಡಿಸುತ್ತಿರಿ, ಚುರುಕಾಗುತ್ತದೆ ಎಂದರು ಡಾಕ್ಟರು. ಮಗ ಕಂಪ್ಯೂಟರ್ ತಂದ, ಅದಕ್ಕೊಂದು ಸ್ಟೇರಿಂಗ್ ಚಕ್ರವನ್ನೂ ತಂದ. ಕೈ ದಿನದಿಂದ ದಿನಕ್ಕೆ ಸುಧಾರಿಸಿತು. ಆಮೇಲೆ ಇದ್ದಕ್ಕಿದ್ದಂತೆ ಬಸ್ಸು ತಡವಾಗಿ ತಿರುಗತೊಡಗಿತು. ಮುದುಕ ಆಟ ಆಡ್ತಾನೆಂದು ಊರು ನಗುತ್ತದೆ, ಯಾರಿಗೂ ಹೇಳಬೇಡ ಎಂದು ಮಗನಿಂದ ಮಾತು ತೆಗೆದುಕೊಂಡದ್ದೂ ಅವರೇ.

"ಮಷೀನ್ ತಪ್ಪು ಅಂತ ಅವನು ಹೇಳ್ತಾನೇ ಇದ್ದ. ನನಗೂ ಅದೇ ಆಸೆ ಇತ್ತಮ್ಮ. ಈಗ ಗೊತ್ತಾಯ್ತಲ್ಲ."

ದೋಷ ಇರೋದು ಆಡೋರ ಕೈಯಲ್ಲಿ... ತಾನೇ ಆಡಿದ ಮಾತು ಅವಳ ಕಿವಿಗೆ ಕಾದ ಸೀಸದಂತೆ ಬಿತ್ತು. ಆ ಮಾತನ್ನು ಅವನು ಮನೆಗೆ ಹೇಗೆ ಹೊತ್ತುಕೊಂಡು ಹೋಗಿರಬೇಕು!

"ಸರ್, ಏನೂ ಕೊಡಬೇಡಿ. ನಾನು ಬರ್ತೀನಿ. ಈಗಲೇ."

ಅತ್ತಿಗೆ ಹಳೇ ಬಿಲ್ಲಿನಿಂದ ವಿಳಾಸ ಬರೆದುಕೊಟ್ಟಳು. ಸ್ಕೂಟರಿನ ಕೀಲಿಯನ್ನು ಅವಳ ಅಂಗೈಗೆ ಒತ್ತಿದಳು.

ಬಾಗಿಲು ತೆರೆದವನು ಅವನೇ. ಅವಳನ್ನು ಕಂಡು ಬಾಗಿಲಿಗೆ ಅಡ್ಡವಾಗಿಯೇ ನಿಂತ.

"ಇನ್ನೇನಾದ್ರೂ ಹೇಳೋದು ಉಳಿದಿದೆಯಾ?"

"ಇದೆ. ಆಮೇಲೆ ಹೇಳ್ತೀನಿ. ಮೊದಲು ಕೆಲಸ."

ನಡುಮನೆಯ ಕಿಟಕಿಯ ಪಕ್ಕ ಮೇಜು. ಅದರ ಮೇಲಿನ ಸ್ಟೇರಿಂಗ್ ಚಕ್ರಕ್ಕೆ ಟವೆಲು ಹೊದಿಸಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಂದೆ ಎಡಗೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದರು. ಅವಳು ಅವರ ಪಕ್ಕದಲ್ಲೇ ನೆಲಕ್ಕೆ ಕೂತಳು. ಒಂದೇ ಒಂದು ತಿರುವು ಓಡಿಸಿ ತೋರಿಸಿ ಎಂದು ಬೇಡಿಕೊಂಡಳು. ಒಲ್ಲೆ ಒಲ್ಲೆ ಎನ್ನುತ್ತಲೇ ಅವರು ಟವೆಲು ಸರಿಸಿದರು.

ಪರದೆಯ ಮೂಲೆಯಲ್ಲಿ ಅಂಗಡಿಯಲ್ಲಿ ಅವಳೇ ಹಾಕಿದ್ದ ಅಂಕಿ ಕಂಡಿತು. ಹದಿನಾಲ್ಕು. ಹನ್ನೆರಡು. ಮತ್ತೆ ಹದಿನಾಲ್ಕು.

ಅವಳು ಪರದೆ ಬಿಟ್ಟು ಅವರ ಕೈಯನ್ನೇ ನೋಡಿದಳು. ತಿರುವು ಬಂತು. ಕೈ ಆಗಲೇ ತಿರುಗಿ ನಿಂತಿತ್ತು. ಬಸ್ಸು ಆಮೇಲೆ ತಿರುಗಿ ಕಂಬಕ್ಕೆ ಗುದ್ದಿತು.

"ಸರ್, ನಿಮ್ಮ ಕೈ ತಡ ಮಾಡ್ಲಿಲ್ಲ. ಕಣ್ಣಾರೆ ನೋಡಿದೆ. ಕೈ ಮೊದಲು, ಬಸ್ಸು ಆಮೇಲೆ."

ಮುದುಕರು ಅವಳ ಮುಖವನ್ನೇ ನೋಡಿದರು, ನಂಬಬೇಕೋ ಬೇಡವೋ ಎನ್ನುವಂತೆ.

ಅಂಗಡಿಯಲ್ಲಿ ಒಂದು ಸಲವೂ ಕೇಳದ ಪ್ರಶ್ನೆಯನ್ನು ಅವಳು ಆಗ ಕೇಳಿದಳು. "ಇದು ಶುರುವಾಗೋ ಮುಂಚೆ ಮನೇಲಿ ಏನಾದ್ರೂ ಬದಲಾಯ್ತಾ?"

"ಏನೂ ಇಲ್ಲವಲ್ಲ," ಎಂದ ಮಗ.

"ಯಾಕೋ ಇಲ್ಲ? ಸೆಕೆ ಅಂತ ಮೇಜು ಕಿಟಕಿ ಹತ್ರ ಹಾಕಿಸ್ಕೊಂಡೆನಲ್ಲ," ಎಂದರು ಅಪ್ಪ.

ಮೇಜು ಸರಿಸುವಾಗ ವೈರುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ್ದಾಗಿ ಅವನು ಹೇಳಿದ. ಮೇಜು ಗೋಡೆಗೆ ಒತ್ತಿಕೊಂಡಿತ್ತು, ಹಿಂದೆ ಏನೂ ಕಾಣುತ್ತಿರಲಿಲ್ಲ, ಕೈಗೆ ಸಿಕ್ಕಿದ ಕಡೆ ಹಾಕಿದ್ದ. ಪ್ರತಿ ಸಲ ಅಂಗಡಿಯಿಂದ ತಂದಾಗಲೂ ಹಾಗೇ ಹಾಕುತ್ತಿದ್ದ.

ಅವಳು ಮೇಜಿನ ಕೆಳಗೆ ತೂರಿಕೊಂಡಳು. ಫೋನಿನ ಟಾರ್ಚ್ ಹಾಕಿದಳು. ಆಮೇಲೆ ಮೇಜಿನ ಕೆಳಗಿನಿಂದ ನಗು ಕೇಳಿಸಿತು, ಅದು ಅಳುವೂ ಆಗಿತ್ತು.

ಡಬ್ಬದ ಹಿಂದೆ ಪರದೆಯ ವೈರು ಹಿಡಿಸುವ ಜಾಗ ಎರಡಿದ್ದವು. ಕೆಳಗಿನದು ಗ್ರಾಫಿಕ್ಸ್ ಕಾರ್ಡಿನದು, ಆಟದ ಚಿತ್ರ ಮೂಡಿಸುವುದೇ ಅದರ ಕೆಲಸ. ಮೇಲಿನದಕ್ಕೆ ಹಾಕಿದರೂ ಚಿತ್ರ ಬರುತ್ತದೆ, ಆದರೆ ಆ ಕಾರ್ಡು ಕೆಲಸವಿಲ್ಲದೆ ಸುಮ್ಮನೆ ಕೂತಿರುತ್ತದೆ. ವೈರು ಮೇಲಿನದರಲ್ಲಿ ಕೂತಿತ್ತು. ಅಂಗಡಿಯಲ್ಲಿ ಅವಳ ಕೈ ಅಭ್ಯಾಸದಿಂದಲೇ ಕೆಳಗಿನದಕ್ಕೆ ಹಾಕುತ್ತಿತ್ತು, ಹಾಗಾಗಿ ಅಲ್ಲಿ ಯಾವಾಗಲೂ ಅರವತ್ತು. ಮನೆಗೆ ಬಂದರೆ ಮತ್ತೆ ಹದಿನಾಲ್ಕು.

ಕಿತ್ತು ಕೆಳಗಿನದಕ್ಕೆ ಹಾಕಿದಳು. ಅಷ್ಟೇ ಕೆಲಸ.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದು ಅಪ್ಪ ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ.

ಆಟ ಮತ್ತೆ ಶುರುವಾಯಿತು. ಮೂಲೆಯಲ್ಲಿ ಅರವತ್ತು.

"ಅರವತ್ತಾ? ಊರೊಳಗೆ ನಾನು ನಲವತ್ತು ದಾಟಿದವನಲ್ಲಮ್ಮ!"

ಅದು ವೇಗವಲ್ಲ, ಚಿತ್ರದ ಲೆಕ್ಕ ಎಂದು ಅವಳು ಹೇಳುವಷ್ಟರಲ್ಲಿ ತಿರುವು ಬಂತು. ಎಡಗೈ ತಿರುಗಿತು. ಬಸ್ಸೂ ತಿರುಗಿತು, ಕೈಯ ಜೊತೆಗೇ. ಕಂಬ ಪಕ್ಕಕ್ಕೆ ಸರಿದು ಹಿಂದೆ ಹೋಯಿತು. ಇನ್ನೊಂದು ತಿರುವು. ಮತ್ತೊಂದು. ಮುದುಕರು ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಎಡಗೈಯನ್ನು ಮುಖದ ಹತ್ತಿರ ತಂದು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದರು. ಆಮೇಲೆ ಅದೇ ಕೈಯಿಂದ ಪಕ್ಕದಲ್ಲಿದ್ದ ಟೀ ಲೋಟ ಎತ್ತಿ ಕುಡಿದರು.

"ತಣ್ಣಗಾಗಿದೆ," ಎಂದರು. ಕಣ್ಣಲ್ಲಿ ನೀರಿತ್ತು. "ಪರವಾಗಿಲ್ಲ, ಚೆನ್ನಾಗಿದೆ."

ಹೋದ ಜೀವ ಬಂದಂತಾಯಿತು ಆ ಮನೆಗೆ. ಮಗ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಅವನ ಭುಜ ಅಲುಗುತ್ತಿದ್ದುದನ್ನು ಅವಳು ನೋಡಿಯೂ ನೋಡದಂತೆ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡಳು.

ಬಾಗಿಲವರೆಗೆ ಅವನು ಬಂದ. ಇಬ್ಬರೂ ಹೊಸ್ತಿಲಲ್ಲಿ ನಿಂತರು, ಒಬ್ಬರು ಒಳಗೆ, ಒಬ್ಬರು ಹೊರಗೆ.

"ಕ್ಷಮಿಸಿ," ಎಂದಳು. "ನೀವು ನಿಜ ಹೇಳ್ತಿದ್ರಿ. ನಾನು ಮಷೀನನ್ನ ಮಾತ್ರ ಕೇಳಿದೆ, ನಿಮ್ಮನ್ನ ಕೇಳಲೇ ಇಲ್ಲ. ನೆಪ ಅಂದುಬಿಟ್ಟೆ."

"ವೈರು ತಪ್ಪು ಹಾಕಿದ್ದು ನಾನು. ಅಪ್ಪನ ಕೈಗೆ ಏನೋ ಆಗ್ತಿದೆ ಅಂತ ಎಷ್ಟು ಹೆದರಿದ್ದೆ ಗೊತ್ತಾ?" ಅವನು ಉಸಿರುಬಿಟ್ಟ. "ಮತ್ತೆ... ನೆಪ ಅನ್ನೋದು ಪೂರ್ತಿ ಸುಳ್ಳಲ್ಲ."

"ಅಂದ್ರೆ?"

"ಮೊದಲನೇ ಸಲ ಬಂದಿದ್ದು ಅಪ್ಪನಿಗೋಸ್ಕರ. ಆಮೇಲೆ ಫೋನ್ ಮಾಡಿ ಕೇಳಬಹುದಿತ್ತು. ಮಾಡ್ಲಿಲ್ಲ. ಅಷ್ಟು ಭಾರದ ಡಬ್ಬ ಹೊತ್ಕೊಂಡು ನಡೆದೇ ಬಂದೆ. ನಿಮ್ಮನ್ನ ನೋಡಬೇಕಿತ್ತು... ನೀವು ನನಗೆ ತುಂಬಾ ಇಷ್ಟ."

ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಯಿತು. ಅವಳಿಗೆ ನಗು ಬಂತು, ಅಳುವೂ ಬಂತು, ಕೊನೆಗೆ ನಗುವೇ ಗೆದ್ದಿತು.

"ನಾನೂ ಬಾಗಿಲು ನೋಡ್ತಾ ಕೂತಿರ್ತಿದ್ದೆ," ಎಂದಳು ಮೆಲ್ಲಗೆ. "ದಿನಾ."

"ಈಗ ಮಷೀನ್ ಸರಿ ಹೋಯ್ತಲ್ಲ. ಇನ್ನು ಏನಂತ ಹೇಳ್ಕೊಂಡು ಅಂಗಡಿಗೆ ಬರಲಿ?"

"ಕೈ ಬೀಸ್ಕೊಂಡು ಬನ್ನಿ. ಅತ್ತಿಗೆ ಕೆಮ್ಮಿದ್ರೆ ಕೆಮ್ಮಲಿ."

ಒಳಗಿನಿಂದ ಬಸ್ಸಿನ ಹಾರ್ನ್ ಎರಡು ಸಲ ಕೇಳಿಸಿತು. ಹಿಂದೆಯೇ ಅಪ್ಪನ ದನಿ, ಬದುಕೆಲ್ಲ ಬಸ್ಸಿನಲ್ಲಿ ಕೂಗಿ ರೂಢಿಯಾಗಿದ್ದ ದನಿ:

"ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಜಾಗ ಇದೆ, ಬನ್ನಿ."

ಅವನು ಪಕ್ಕಕ್ಕೆ ಸರಿದ. ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.