ಎರಡನೇ ನಂಬರಿನ ಸೀಟು

ಹಳೆಯ ಕಾರುಗಳ ಎದೆಗೆ ಕಿವಿಗೊಟ್ಟು ಬದುಕುವ ಹೆಣ್ಣೊಬ್ಬಳಿದ್ದಳು. ಕೊಳ್ಳುವವರು ಮೊದಲು ಅವಳ ಬಳಿ ಕಾರು ತರುತ್ತಿದ್ದರು. ಅವಳು ಕೇಳಿ, ಮುಟ್ಟಿ, ಮೂಸಿ, ಓಡಿಸಿ ನೋಡಿ, ಇದು ಗಟ್ಟಿ ಇದು ಪೊಳ್ಳು ಎಂದು ಹಾಳೆಯಲ್ಲಿ ಬರೆದುಕೊಡುತ್ತಿದ್ದಳು. ಹಾಳೆಯ ಕೊನೆಗೆ ಒಂದೇ ಸಾಲಿನ ತೀರ್ಪು. ಆ ಸಾಲಿಗೆ ಎದುರು ಮಾತಿರಲಿಲ್ಲ. ಬೀದಿಯವರು ಅವಳನ್ನು 'ಕಿವಿ' ಎಂದೇ ಕರೆಯುತ್ತಿದ್ದರು.

ಅವಳಿಗೆ ಎರಡು ವ್ರತಗಳಿದ್ದವು. ಯಾವ ಕಾರೇ ಬರಲಿ, ಬಾನೆಟ್ ಮೇಲೆ ಅಂಗೈ ಊರಿ, ಕಣ್ಣುಮುಚ್ಚಿ, "ಇದರೊಳಗೆ ಕೂತವರು ಕ್ಷೇಮವಾಗಿ ಮನೆ ಸೇರಲಿ" ಎಂದು ದೇವರಲ್ಲಿ ಕೇಳಿಕೊಳ್ಳುವುದು ಒಂದು. ಓಡಿಸಿಯಾದ ಮೇಲೆ ಸೀಟು, ಕನ್ನಡಿ, ಸ್ಟೀರಿಂಗ್ ಎಲ್ಲವನ್ನೂ ತಂದವರ ಅಳತೆಗೇ ಮರಳಿಸಿ ಇಳಿಯುವುದು ಇನ್ನೊಂದು.

ಎರಡನ್ನೂ ಕಲಿಸಿದವನು ಗ್ಯಾರೇಜಿನ ಒಡೆಯನಾದ ಅವಳ ಅಪ್ಪ. "ಪರರ ಕಾರು ಅಂದ್ರೆ ಪರರ ಮನೆ ಕಣೇ. ನಾವು ಹೋಗಿ ಬಂದದ್ದು ಗೊತ್ತಾಗಬಾರದು," ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದೆ ಎರಡು ಕಾರುಗಳು ಒಟ್ಟಿಗೇ ಬಂದು ನಿಂತವು. ಒಂದು ಎದೆಯುಬ್ಬಿಸಿ ನಿಂತ ಕಪ್ಪು ಎಸ್‌ಯುವಿ. ಇನ್ನೊಂದು ನೆಲಕ್ಕೆ ಹೊಟ್ಟೆ ಹಚ್ಚಿದ ಬೂದು ಬಣ್ಣದ ಸೆಡಾನ್. ಅದನ್ನು ತಂದ ಮಾರುವವರ ಹುಡುಗ ಕೀಲಿ ಕೊಟ್ಟು ಹೊರಟುಹೋದ. ಎಸ್‌ಯುವಿಯಿಂದ ಇಳಿದವನ ಕೊರಳಲ್ಲಿ ಸ್ಟೆತಾಸ್ಕೋಪ್ ಇನ್ನೂ ನೇತಾಡುತ್ತಿತ್ತು, ಬೂಟಿಗೆ ಒಣಹುಲ್ಲು ಮೆತ್ತಿಕೊಂಡಿತ್ತು. ಅವನು ಕುದುರೆ ಡಾಕ್ಟರು.

ಅವಳು ಆಗಲೇ ಬಾನೆಟ್ ಎತ್ತಿ, ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿ ಎಂಜಿನ್ನಿಗೂ ಇನ್ನೊಂದು ತುದಿ ಕಿವಿಗೂ ಹಚ್ಚಿದ್ದಳು.

"ಇದು ಬೇಕಾ?" ಅವನು ಸ್ಟೆತಾಸ್ಕೋಪ್ ತೆಗೆದು ಚಾಚಿದ.

"ಕುದುರೆಗೆ ಹಚ್ಚಿದ್ದಾ?"

"ತೊಳೆದಿದೀನಿ."

"ಕುದುರೆನಾ, ಇದನ್ನಾ?"

ಅವನು ನಕ್ಕ. ಅವಳು ಸರಳನ್ನು ಕೆಳಗಿಟ್ಟು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡಳು. ಕೂದಲನ್ನು ಕಿವಿಯ ಹಿಂದೆ ಸರಿಸಿದ ಆ ಬೆರಳನ್ನು ಅವನು ನೋಡಿದ. ನೋಡಿದ್ದನ್ನು ಅವಳು ನೋಡಿದಳು.

"ನಾನೂರು ಕುದುರೆ ಶಕ್ತಿ ಅಂತೆ. ಯಾವುದಕ್ಕಾದರೂ ಕೆಮ್ಮು ಇದೆಯಾ ನೋಡಿ ಮೇಡಂ."

"ಎಲ್ಲಾ ಗಟ್ಟಿಮುಟ್ಟಾಗಿವೆ ಡಾಕ್ಟ್ರೇ. ಇಷ್ಟೊಂದು ಕುದುರೆ ನಿಮಗ್ಯಾಕೆ? ಸಾಕೋರ ಹತ್ರ ಇಲ್ವಾ?"

"ಹೊಟ್ಟೆನೋವು ಬಂದ ಕುದುರೆ ಡಾಕ್ಟರು ಬರೋವರೆಗೂ ಕಾಯಲ್ಲ. ಲಾಯಗಳೆಲ್ಲ ದೂರ ದೂರ. ಬೇಗ ಹೋಗ್ಬೇಕು." ಅವನು ಸೆಡಾನ್ ಕಡೆ ತಿರುಗಿದಾಗ ದನಿ ಮೆತ್ತಗಾಯಿತು. "ಎರಡರಲ್ಲೂ ಇರೋದು ಒಂದೇ ಎಂಜಿನ್ನು. ಅದು ಮಣ್ಣಲ್ಲೂ ಹೋಗುತ್ತೆ. ಇದು ಗಾಳೀಲಿ ಹೋಗುತ್ತೆ. ಮಾರೋರು ಹತ್ತು ದಿನ ಇಟ್ಕೊಂಡು ನೋಡಿ ಅಂತ ಕೊಟ್ಟಿದಾರೆ. ನೀವು ಯಾವುದು ಅಂತೀರೋ ಅದು."

ಒಬ್ಬ ತಾಯಿಯ ಮಕ್ಕಳಾದರೂ ಒಬ್ಬ ಹೊಲಕ್ಕೂ ಒಬ್ಬ ಹಾಡಿಗೂ ಹುಟ್ಟಿರುವುದುಂಟಲ್ಲ, ಆ ಎರಡು ಕಾರುಗಳೂ ಹಾಗೇ ಇದ್ದವು.

ಅವಳು ಒಂದೊಂದೇ ಗುಂಡಿ ಒತ್ತಿ ನೋಡುತ್ತಾ ಬಂದಳು. ಎರಡೂ ಕಾರಿನ ಡ್ರೈವರ್ ಬಾಗಿಲಲ್ಲಿ ಒಂದು, ಎರಡು ಎಂದು ಬರೆದ ಗುಂಡಿಗಳಿದ್ದವು. "ಎರಡೂ ಖಾಲಿ ಇವೆ. ಒಂದರಲ್ಲಿ ನಿಮ್ಮ ಅಳತೆ ಹಾಕ್ಕೊಳ್ಳಿ. ಒತ್ತಿದ್ರೆ ಸಾಕು, ಸೀಟು, ಕನ್ನಡಿ ಎಲ್ಲಾ ತಾನಾಗೇ ನಿಮ್ಮ ಜಾಗಕ್ಕೆ ಬರುತ್ತೆ. ಎರಡನೇದು ನಿಮ್ಮ ಮನೆಯವರಿಗೆ."

"ಮನೆಯವರು ಇನ್ನೂ ಬಂದಿಲ್ಲ."

"ಹಾಗಾದ್ರೆ ಖಾಲಿ ಬಿಡಿ."

"ಬಿಡ್ತೀನಿ," ಎಂದ. ಎರಡನೇ ಗುಂಡಿಯನ್ನು ಬೆರಳಿನಿಂದ ಸವರಿ, "ಸದ್ಯಕ್ಕೆ," ಎಂದ.

ಒಂದು ದಿನದ ಕೆಲಸಕ್ಕೆ ಹತ್ತು ದಿನ ಹಿಡಿಯಿತು. ಮಗಳು ಹಾಡಿಕೊಂಡು ಸ್ಪಾನರ್ ಒರೆಸುವುದನ್ನು ಅಪ್ಪ ಎಷ್ಟೋ ಕಾಲದಿಂದ ಕೇಳಿರಲಿಲ್ಲ.

ಮೂರನೇ ದಿನ ಸೆಡಾನನ್ನು ಗುಡ್ಡದ ರಸ್ತೆಗೆ ಒಯ್ದರು. ಅವಳು ಸೀಟನ್ನು ಮುಂದಕ್ಕೆಳೆದುಕೊಂಡು ಕೂತಳು, ಅವನು ಪಕ್ಕದಲ್ಲಿ. ಮೊದಲ ತಿರುವಿನಲ್ಲಿ ಕಾರು ರಸ್ತೆಯ ಮೇಲೆ ಬೆಣ್ಣೆಯ ಮೇಲಿನ ಚಾಕುವಿನಂತೆ ಹರಿಯಿತು. ಎರಡನೆಯದರಲ್ಲಿ ಅವಳು ನಗುತ್ತಿದ್ದಳು.

"ಉಸಿರು ಬಿಡಿ ಡಾಕ್ಟ್ರೇ."

"ಬಿಟ್ರೆ ತಿರುವು ಕೆಟ್ಟೋಗುತ್ತೇನೋ ಅಂತ."

"ಹೆದರಿಕೆನಾ?"

"ಕುದುರೆ ಒದ್ದರೂ ಹೆದರದವನು ನಾನು. ಇದು ಬೇರೆ ಏನೋ."

ಅವನು ಕಿಟಕಿಗೆ ಮೊಳಕೈ ಊರಿ, ಗಾಳಿಗೆ ಮುಖ ಕೊಟ್ಟು ಕೂತ. ಅವಳು ಅವನ ಕಡೆಯ ಹೊರಗನ್ನಡಿಯನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದಳು. ಕನ್ನಡಿಯಲ್ಲಿ ರಸ್ತೆ ಕಡಿಮೆಯಾಯಿತು, ಮುಖ ಬಂತು. ರಸ್ತೆಗೆ ಎರಡು ಕಣ್ಣು ಬೇಕು ನಿಜ. ಆದರೆ ನೇರ ದಾರಿಯಲ್ಲಿ ಒಂದು ಗಳಿಗೆ ಅರ್ಧ ಕಣ್ಣು ಅತ್ತ ಹೊರಳಿದರೆ ಆ ದೇವರೂ ಕ್ಷಮಿಸುತ್ತಾನೆ ಎಂದುಕೊಂಡಳು.

ಗುಡ್ಡದ ತಲೆಯಲ್ಲಿ ಕಾರು ನಿಲ್ಲಿಸಿ, ಬ್ರೇಕು ಬಿಸಿಯಾಗಿದೆಯೇ ಎಂದು ಮೂಸಲು ಇಳಿದಳು. ಮರಳುವಾಗ ಅವನ ಸರದಿ. ಅದಕ್ಕೂ ಮುಂಚೆ ಮತ್ತೆ ಒಳಗೆ ಕೂತು, ವ್ರತದಂತೆ ಸೀಟು, ಕನ್ನಡಿ ಎಲ್ಲವನ್ನೂ ಅವನ ಅಳತೆಗೆ ತಂದಿಟ್ಟಳು.

ಆರನೇ ದಿನ ಅವಳು ಎಸ್‌ಯುವಿಯ ಕನ್ನಡಿಯನ್ನೂ ಹಾಗೇ ತಿರುಗಿಸಿಕೊಂಡು ಓಡಿಸುತ್ತಿದ್ದಾಗ ಅವನಿಗೆ ಫೋನು ಬಂತು. ದೂರದ ಲಾಯದಲ್ಲಿ ಹೆಣ್ಣು ಕುದುರೆಯೊಂದು ಹೆರಲಾರದೆ ಒದ್ದಾಡುತ್ತಿತ್ತು. ನಡುವೆ ಕೆಸರಿನ ದಾರಿ, ಆಮೇಲೆ ಒಂದು ಹಳ್ಳ.

"ನಾನು ಓಡಿಸ್ಲಾ?" ಎಂದ.

"ನೀವು ಕೈ ಚೊಕ್ಕ ಮಾಡ್ಕೊಳ್ಳಿ. ದಾರಿ ನನಗೆ ಬಿಡಿ."

ಎಸ್‌ಯುವಿ ಕೆಸರನ್ನು ಸೀಳಿ, ಹಳ್ಳದ ನೀರನ್ನು ಎರಡೂ ಕಡೆ ಎರಚಿ, ಇಪ್ಪತ್ತು ನಿಮಿಷದ ದಾರಿಯನ್ನು ಎಂಟು ನಿಮಿಷಕ್ಕೆ ಮುಗಿಸಿತು. ಅವಳು ಬಿಸಿನೀರಿನ ಬಕೆಟ್ ಹಿಡಿದು ನಿಂತಳು. ಅವನು ಭುಜದವರೆಗೂ ಕೈ ತೂರಿಸಿ, ಕುದುರೆಗೆ "ಆಯ್ತು ತಾಯಿ, ಆಯ್ತು, ಇನ್ನೊಂದೇ ಸಲ" ಎನ್ನುತ್ತಿದ್ದ. ಕೊನೆಗೆ ನಾಲ್ಕು ಉದ್ದ ಕಾಲುಗಳ ಒಂದು ಒದ್ದೆ ಮುದ್ದೆ ಹುಲ್ಲಿನ ಮೇಲೆ ಜಾರಿತು. ಅದು ಬಿದ್ದು, ಎದ್ದು, ಮತ್ತೆ ಬಿದ್ದು, ನಿಂತಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ತಾನು ಈ ಮನುಷ್ಯನನ್ನು ಬಿಟ್ಟು ಇರಲಾರೆ ಎಂದು ಅವಳಿಗೆ ತಿಳಿದದ್ದು ಆಗ.

ಹೊರಗೆ ಬಂದು, ಹಳ್ಳದ ಕಲ್ಲು ತಾಗಿದೆಯೇ ಎಂದು ನೋಡಲು ಗಾಡಿಯ ಕೆಳಗೆ ನುಸುಳಿದಳು. ಎಲ್ಲವೂ ನೆಟ್ಟಗಿತ್ತು. ಅವಳೊಳಗಿನದರ ಹೊರತು.

ಎಂಟನೇ ದಿನ ಅವನ ದೊಡ್ಡಮ್ಮ ಬಂದರು. ಅವನನ್ನು ಸಾಕಿದವರು. ಎಸ್‌ಯುವಿ ನೋಡಿ, "ಏಣಿ ಎಲ್ಲಿ?" ಎಂದರು. ಸೆಡಾನಿನಲ್ಲಿ ಕೂತು, "ಬಾವಿಗೆ ಇಳಿಸಿದ್ದೇನೋ ಆಯ್ತು, ಮೇಲೆತ್ತೋರು ಯಾರು?" ಎಂದರು. ಆಮೇಲೆ ಅವಳ ಕೈ ಹಿಡಿದು, "ನೋಡಮ್ಮ, ನನ್ನ ಕಾಲದ ಮಾತು ಬಿಡು. ಮನೆಗೆ ಬರೋಳಿಗೆ ಯಾವುದು ಹೊಂದುತ್ತೋ ಅದನ್ನ ಹೇಳು. ಇವನು ಮನಸ್ಸಲ್ಲಿ ಯಾರನ್ನೋ ಇಟ್ಕೊಂಡಿದಾನೆ, ಬಾಯಿ ಬಿಡ್ತಿಲ್ಲ," ಎಂದರು.

ಅವನ ಕಿವಿ ಕೆಂಪಾಯಿತು. "ದೊಡ್ಡಮ್ಮ, ಹೋಗೋಣ ನಡೀರಿ."

ಅವಳ ಕೈಯಲ್ಲಿದ್ದ ಸ್ಪಾನರ್ ಒಮ್ಮೆಲೇ ಭಾರವಾಯಿತು.

ಒಂಬತ್ತನೇ ದಿನ ಕೊನೆಯ ತಪಾಸಣೆ. ಗ್ಯಾರೇಜಿನಲ್ಲಿ ಅವಳು, ಅಪ್ಪ, ಎರಡು ಕಾರು ಅಷ್ಟೇ. ಎಸ್‌ಯುವಿಯ ಬಾಗಿಲು ತೆರೆದು, ಹೊರಗೇ ನಿಂತು ಮತ್ತೊಮ್ಮೆ ಗುಂಡಿಗಳನ್ನು ಒತ್ತಿದಳು. ಒಂದು ಒತ್ತಿದಳು, ಸೀಟು ಹಿಂದೆ ಹೋಯಿತು. ಅದು ಅವನದು. ಖಾಲಿಯಿರಬೇಕಾದ ಎರಡನ್ನು ಒತ್ತಿದಳು.

ಸೀಟು ಮೆಲ್ಲಗೆ ಮುಂದಕ್ಕೆ ಸರಿಯಿತು. ತುಸು ಮೇಲೇರಿತು. ಸ್ಟೀರಿಂಗ್ ತಗ್ಗಿತು, ಕನ್ನಡಿಗಳು ತಿರುಗಿದವು. ಕಾಣದ ಯಾರೋ ಬಂದು ಕೂತು ಸರಿಮಾಡಿಕೊಂಡ ಹಾಗೆ.

ಸೆಡಾನಿಗೆ ಓಡಿ ಅಲ್ಲೂ ಒತ್ತಿದಳು. ಅಲ್ಲೂ ಅವಳೇ. ಗಿಡ್ಡ ಕಾಲಿನವಳು, ಹತ್ತಿರ ಕೂರುವವಳು.

ಯಾವ ಸೀಟು ನೋಡಿದರೂ ಅದರಲ್ಲಿ ಕೂರುವವರ ಎತ್ತರ, ಅವಸರ, ಹೆದರಿಕೆ ಎಲ್ಲವನ್ನೂ ಹೇಳಬಲ್ಲವಳು ಅವಳು. ಅವನು ಯಾರನ್ನೋ ಕರೆತಂದು, ಎರಡೂ ಕಾರಿನಲ್ಲಿ ಕೂರಿಸಿ, ಅಳತೆ ಹಾಕಿಟ್ಟಿದ್ದಾನೆ. ಬೇರೆ ಅರ್ಥವೇ ಇಲ್ಲ.

"ಏನಾಯ್ತೇ?" ಎಂದ ಅಪ್ಪ.

"ಏನಿಲ್ಲ. ಎರಡೂ ಗಟ್ಟಿ ಇವೆ."

"ಮುಖ ಯಾಕೆ ಪಂಕ್ಚರ್ ಆಗಿದೆ?"

ಅವಳು ಬಾನೆಟ್ ಮೇಲೆ ಕೈಯೂರಿದಳು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. "ಇದರೊಳಗೆ ಕೂತವರು ಕ್ಷೇಮವಾಗಿ ಮನೆ ಸೇರಲಿ," ಎಂದಳು. ಪೂರ್ತಿ ಹೇಳಿದಳು, ಇಬ್ಬರಿಗೂ ಸೇರಿಸಿ. ಬಾಯಿಗೆ ಬಂದ ಹಾರೈಕೆಯಲ್ಲಿ ಒಬ್ಬರನ್ನು ಬಿಟ್ಟು ಹೇಳಿದರೆ ಅದು ಹಾರೈಕೆಯೇ ಅಲ್ಲ.

ಆಮೇಲೆ ಕೂತು ಹಾಳೆ ಬರೆದಳು. ಮನಸ್ಸು ಸೆಡಾನ್ ಎನ್ನುತ್ತಿತ್ತು. ಕೈ ಸುಳ್ಳು ಬರೆಯಲಿಲ್ಲ.

ಹತ್ತನೇ ಬೆಳಿಗ್ಗೆ ಅವನು ಬಂದ. ಅವಳು ಹಾಳೆ ಕೊಟ್ಟು, ಮೇಜಿನ ಮೇಲಿದ್ದ ನಟ್ಟುಗಳನ್ನು ದೊಡ್ಡದು, ಚಿಕ್ಕದು ಎಂದು ಬೇರ್ಪಡಿಸತೊಡಗಿದಳು. ಅವು ಆಗಲೇ ಬೇರೆಯಾಗಿದ್ದವು.

ಅವನು ನಿಂತಲ್ಲೇ ಗಟ್ಟಿಯಾಗಿ ಓದಿದ. "'ಸೆಡಾನ್ ಓಡಿಸಲು ಬಲು ಸುಖ. ಆದರೆ ಡಾಕ್ಟರ ದಾರಿಯಲ್ಲಿ ಕೆಸರು, ಹಳ್ಳ ಇವೆ. ಹುಟ್ಟಬೇಕಾದ ಮರಿಗಳು ಇವೆ. ತೀರ್ಪು: ಎಸ್‌ಯುವಿ.'" ತಲೆಯಾಡಿಸಿದ. "ಸರಿ. ಆದರೆ ಇದರ ಕೆಳಗೆ ಇನ್ನೂ ಏನೋ ಇದೆಯಲ್ಲ?"

"ಅದು... ಸುರಕ್ಷತೆಗೆ."

"'ಎರಡನೇ ನಂಬರಿನವರು ಸ್ಟೀರಿಂಗಿಗೆ ತೀರಾ ಅಂಟಿಕೊಂಡು ಕೂರುತ್ತಾರೆ. ಎರಡು ಬೆರಳು ಹಿಂದೆ ಸರಿಯಲು ಹೇಳುವುದು.'" ಅವನ ದನಿಯಲ್ಲಿ ನಗು ಇಣುಕಿತು. "'ಪಕ್ಕದ ಬಾಗಿಲ ಕನ್ನಡಿಯನ್ನು ರಸ್ತೆ ಬಿಟ್ಟು ಪಕ್ಕದಲ್ಲಿ ಕೂತವರ ಮುಖಕ್ಕೆ ತಿರುಗಿಸಿಕೊಂಡಿದ್ದಾರೆ. ಇದು ಜವಾಬ್ದಾರಿ ಇರುವವರ ಲಕ್ಷಣವಲ್ಲ.' ಅಬ್ಬಾ! ಯಾಕೆ ಮೇಡಂ, ಆ ಪಾಪದವರ ಮೇಲೆ ಇಷ್ಟು ಸಿಟ್ಟು?"

"ಸಿಟ್ಟಲ್ಲ. ನನಗೇನು? ಯಾರಾದ್ರೂ ಕೂತ್ಕೊಳ್ಳಲಿ."

"ಹಾಗಾದ್ರೆ ನೀವೇ ಒಂದ್ಸಲ ಕೂತು ನೋಡಿ. ಹೊರಗೆ ನಿಂತು ತೀರ್ಪು ಕೊಡೋದು ಸರಿಯಲ್ಲ."

ಅವಳು ಸಿಡುಕಿಕೊಂಡೇ ಎಸ್‌ಯುವಿ ಹತ್ತಿದಳು. ಸೀಟು ಅವನ ಅಳತೆಯಲ್ಲಿತ್ತು, ಪೆಡಲ್ ಕಾಲಿಗೆ ಎಟುಕುತ್ತಿರಲಿಲ್ಲ.

"ಎರಡು ಒತ್ತಿ."

ಒತ್ತಿದಳು. ಸೀಟು ಅವಳನ್ನು ಹೊತ್ತು ಮುಂದಕ್ಕೆ ತಂದಿತು, ಕೂಸನ್ನು ತೊಟ್ಟಿಲಲ್ಲಿ ತೂಗಿದಷ್ಟು ಮೆಲ್ಲಗೆ. ಕಾಲು ಪೆಡಲ್ ಮೇಲೆ ಸರಿಯಾಗಿ ಕೂತಿತು. ಸ್ಟೀರಿಂಗ್ ಕೈಗೆ ಬಂತು. ಕನ್ನಡಿ ತಿರುಗಿ ನಿಂತಿತು. ಯಾವುದನ್ನೂ ಒಂದು ಕೂದಲಷ್ಟೂ ಸರಿಪಡಿಸಬೇಕಿರಲಿಲ್ಲ.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಊರವರ ಸೀಟುಗಳನ್ನೆಲ್ಲ ಓದಿದವಳು ತನ್ನದನ್ನು ಮಾತ್ರ ಹೊರಗೆ ನಿಂತು ಎಂದೂ ನೋಡಿರಲಿಲ್ಲ. ತಾನು ಇಳಿಯುವ ಮುನ್ನ ಅದನ್ನು ಅಳಿಸಿಬಿಡುತ್ತಿದ್ದಳಲ್ಲ.

"ಯಾವಾಗ?" ಎಂದಳು.

"ಗುಡ್ಡದ ಮೇಲೆ ಬ್ರೇಕು ಮೂಸೋಕೆ ಇಳಿದ್ರಲ್ಲ, ಆಗ ಸೆಡಾನಲ್ಲಿ. ಲಾಯದಿಂದ ಹೊರಡೋ ಮುಂಚೆ ಗಾಡಿ ಕೆಳಗೆ ಹೋದ್ರಲ್ಲ, ಆಗ ಇದರಲ್ಲಿ." ಅವನು ಬಾಗಿಲಿಗೆ ಕೈಯೂರಿದ. "ಪ್ರತಿಸಲ ಎಲ್ಲಾ ನನ್ನ ಅಳತೆಗೇ ತಂದಿಟ್ಟು ಇಳೀತಿದ್ರಿ. ನೀವು ಬಂದಿದ್ದೇ ಸುಳ್ಳು ಅನ್ನೋ ಹಾಗೆ. ನನಗೆ ಅದು ತಡೆಯೋಕೆ ಆಗ್ಲಿಲ್ಲ. ಒಂದು ಗುರುತಾದ್ರೂ ಇರಲಿ ಅಂತ ಒತ್ತಿಟ್ಟೆ. ಕನ್ನಡಿ ಯಾರ ಕಡೆ ತಿರುಗಿದೆ ಅನ್ನೋದು ಆಮೇಲೆ ಒಬ್ಬನೇ ಕೂತಾಗ ಗೊತ್ತಾಯ್ತು. ಆವತ್ತೆಲ್ಲ ಸುಮ್ನೆ ನಗ್ತಾನೇ ಇದ್ದೆ. ದೊಡ್ಡಮ್ಮ ಜ್ವರ ಬಂತಾ ಅಂತ ಹಣೆ ಮುಟ್ಟಿ ನೋಡಿದ್ರು."

ಕಾರಿನಡಿಯಿಂದ ಜ್ಯಾಕ್ ಇಳಿಸುವಾಗ, ಇಷ್ಟು ಹೊತ್ತೂ ಅಂತರದಲ್ಲಿದ್ದ ಗಾಡಿ ನಾಲ್ಕೂ ಚಕ್ರ ಊರಿ ಉಸ್ಸೆಂದು ನೆಲಕ್ಕೆ ಕೂರುತ್ತದೆ. ಅವಳ ಎದೆಯೂ ಹಾಗೇ ಕೂತಿತು. ಕಣ್ಣು ತುಂಬಿ ಬಂತು, ಜೊತೆಗೆ ನಗುವೂ.

"ಆ ಹಾಳೆ ಇಲ್ಲಿ ಕೊಡಿ. ಹರಿದು ಹಾಕ್ತೀನಿ."

"ಊಹುಂ. ಜವಾಬ್ದಾರಿ ಇಲ್ಲದವರು ಅಂತ ನೀವೇ ಸಹಿ ಹಾಕಿಕೊಟ್ಟಿದೀರಿ. ಚೌಕಟ್ಟು ಹಾಕಿಸ್ತೀನಿ." ನಗು ನಿಂತಿತು. "ಎರಡನೇ ನಂಬರು ಖಾಲಿ ಮಾಡ್ಬೇಕಾ, ಹೇಳಿ. ಮಾಡ್ತೀನಿ."

ಅವಳು ಕನ್ನಡಿಯ ಕಡೆ ನೋಡಿದಳು. "ಬೇಡ. ಎರಡು ಬೆರಳು ಹಿಂದೆ ಸರೀತೀನಿ, ಅಷ್ಟೇ."

ಗ್ಯಾರೇಜಿನ ಒಳಗಿಂದ ಅಪ್ಪನ ದನಿ ಬಂತು. "ತೀರ್ಪು ಆಯ್ತಾ? ಹತ್ತು ದಿನದಿಂದ ಕಾಯ್ತಿದೀನಿ ಮಾರಾಯ್ರೇ!"

ಮಧ್ಯಾಹ್ನ ಸೆಡಾನನ್ನು ಮಾರುವವರಿಗೆ ಮರಳಿಸಿದರು. ಗುಡ್ಡದ ದಾರಿ ಸುತ್ತುಬಳಸು, ಆದರೂ ಆ ದಾರಿಯಲ್ಲೇ ಹೋದರು. ಮಾರುವವರ ಅಂಗಳದಲ್ಲಿ ಅವಳು ಅದರ ಎರಡನೇ ಗುಂಡಿಯ ಅಳತೆಯನ್ನು ಅಳಿಸಿ, ಬಾನೆಟ್ ಸವರಿ, ಮುಂದೆ ಕೂರುವವರಿಗಾಗಿ ಕೇಳಿಕೊಂಡು ಬಂದಳು.

ಎಸ್‌ಯುವಿಯನ್ನು ಅವನ ಮನೆಯವರೆಗೆ ಅವಳೇ ಓಡಿಸಿದಳು. ದೊಡ್ಡಮ್ಮ ಬಾಗಿಲಲ್ಲೇ ಒಂದು ಕಾಲುಮಣೆ ಹಿಡಿದು ನಿಂತಿದ್ದರು, ಏಣಿಯ ಬದಲಿಗೆ. ಎಂಜಿನ್ ನಿಂತಿತು. ಅಭ್ಯಾಸಬಲದಿಂದ ಅವಳ ಬೆರಳು ಒಂದನೇ ಗುಂಡಿಯ ಬಳಿ ಹೋಯಿತು. ಅಲ್ಲೇ ತಡೆಯಿತು.

ಅವನು ನೋಡುತ್ತಿದ್ದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಸೀಟನ್ನು ಹಾಗೇ ಬಿಟ್ಟು ಇಳಿದಳು.