ಅರವತ್ತನಾಲ್ಕನೇ ನಂಬರಿನ ಕೈ

"ಇನ್ನೂ ಸ್ವಲ್ಪ ಹತ್ತಿರ ಬಾ ಪುಟ್ಟೀ. ಮೈಕ್ ಏನು ಕಚ್ಚಲ್ಲ," ಎಂದರು ಕಾರ್ಯಕ್ರಮ ನಡೆಸುವ ರೇಡಿಯೊ ಹಾರ್ಲನ್.

ಲಿನೇಯಾ ಕುರ್ಚಿಯ ತುದಿಗೆ ಜರುಗಿ ಕೂತಳು. ಕೆಫೆ ತುಂಬ ಜನ. ಎಲ್ಲರ ಮುಂದೆಯೂ ಬೀನ್ಸು, ಮಾಂಸ ಹಾಕಿ ಕುದಿಸಿದ ಖಾರದ ಚಿಲಿ, ಪಕ್ಕದಲ್ಲೇ ಸಿಹಿ ದಾಲ್ಚಿನ್ನಿ ಬನ್ನು. ಬನ್ನನ್ನು ಚಿಲಿಯಲ್ಲಿ ಅದ್ದಿ ತಿನ್ನದವನು ಆ ಊರಿನವನೇ ಅಲ್ಲ ಬಿಡಿ.

ಬುಧವಾರ ಸಂಜೆ ಅಂದರೆ ಅಲ್ಲಿ ಫುಟ್‌ಬಾಲ್ ಮಾತು. ಊರ ಕಾಲೇಜಿನ ಕೋಚ್ ಹ್ಯಾಸ್ಕೆಲ್ ಬಂದು ಕೂರುತ್ತಾರೆ, ಜನ ಪ್ರಶ್ನೆ ಕೇಳುತ್ತಾರೆ, ಎಲ್ಲವೂ ರೇಡಿಯೊದಲ್ಲಿ ನೇರವಾಗಿ ಬರುತ್ತದೆ. ಅವರ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದೋ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಇಲ್ಲವೋ ಮುಂದಿರುವ ಜೊತೆಗಾರನಿಗೆ ಎಸೆಯಬೇಕು. ಎದುರಾಳಿಗಳು ಬಂದು ಕೆಡವುತ್ತಾರೆ. ಎದ್ದು ಮತ್ತೆ ಶುರು.

ಊರ ಟೀಮಿನ ಹೆಸರು ಪ್ರೇರಿ ಕೋಳಿಗಳು, ಅಂದರೆ ಹುಲ್ಲುಗಾವಲಿನ ಕೋಳಿಗಳು. ಈ ವರ್ಷ ಕೋಳಿಗಳು ಸೋತು ಸುಣ್ಣವಾಗಿದ್ದವು. ಒಂದೇ ಒಂದು ಮ್ಯಾಚ್ ಗೆದ್ದಿರಲಿಲ್ಲ. ದೊಡ್ಡವರ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಕೋಚ್ ಮುಖ ಬಾಡಿಹೋಗಿತ್ತು. ಪಾಪ, ಅವರು ಕಾಯುತ್ತಿದ್ದದ್ದು ಕೊನೆಯ ಪ್ರಶ್ನೆಗೆ. ಅದನ್ನು ಪ್ರತಿ ವಾರ ಒಂದು ಮಗು ಕೇಳುತ್ತದೆ. ನಿಮ್ಮ ನಾಯಿ ಹೆಸರೇನು, ಚಿಕ್ಕವರಿದ್ದಾಗ ಹೋಮ್‌ವರ್ಕ್ ಮಾಡ್ತಿದ್ರಾ, ಇಂಥವು. ಎಲ್ಲರೂ ನಗುತ್ತಾರೆ, ಕಾರ್ಯಕ್ರಮ ಮುಗಿಯುತ್ತದೆ.

"ಹೇಳು ಮರಿ, ಏನು ಕೇಳಬೇಕು?" ಕೋಚ್ ನಗುತ್ತಾ ಬಗ್ಗಿದರು.

"ಕೇಳೋದೇನಿಲ್ಲ ಕೋಚ್," ಎಂದಳು ಲಿನೇಯಾ. "ನಾವು ಯಾಕೆ ಸೋಲ್ತಾ ಇದ್ದೀವಿ ಅಂತ ನಾನು ಕಂಡುಹಿಡಿದಿದ್ದೀನಿ."

ಕೆಫೆ ಗೊಳ್ಳೆಂದಿತು. ಎದುರಿನ ಟೇಬಲ್‌ನಲ್ಲಿ ಕೂತಿದ್ದ ವರ್ನರ್ ಅಜ್ಜ ಮಾತ್ರ ಎದೆ ಉಬ್ಬಿಸಿಕೊಂಡರು. ಮೊಮ್ಮಗಳಿಗೆ ಆಟ ನೋಡುವುದನ್ನು ಕಲಿಸಿದವರೇ ಅವರು. 'ಚೆಂಡನ್ನ ಎಲ್ಲರೂ ನೋಡ್ತಾರೆ. ನೀನು ಮುಂದಿನ ಸಾಲು ನೋಡು, ಗುಟ್ಟು ಇರೋದು ಅಲ್ಲಿ' ಎಂದು ತಮ್ಮ ಹಳೇ ಬೈನಾಕ್ಯುಲರ್ ಅನ್ನೇ ಅವಳ ಕೊರಳಿಗೆ ಹಾಕಿದ್ದರು.

"ನಮ್ಮ ಮುಂದಿನ ಸಾಲಲ್ಲಿ ಐದು ಜನ ಬಗ್ಗಿ, ನೆಲಕ್ಕೆ ಕೈ ಊರಿ ನಿಲ್ತಾರಲ್ಲ? ಅದರಲ್ಲಿ ಅರವತ್ತನಾಲ್ಕು ನಂಬರ್ ನೋಡಿ," ಲಿನೇಯಾ ಒಂದೇ ಉಸಿರಿಗೆ ಶುರು ಮಾಡಿದಳು. "ನಾವು ಓಡೋದಾದ್ರೆ ಅವನು ಕೈ ಮೇಲೆ ಪೂರ್ತಿ ಭಾರ ಹಾಕ್ತಾನೆ. ಬೆರಳ ತುದಿ ಬೆಳ್ಳಗಾಗುತ್ತೆ. ಎಸೆಯೋದಾದ್ರೆ ಸುಮ್ಮನೆ ತಾಗಿಸಿರ್ತಾನೆ, ಬಿಸಿ ಬಾಣಲೆ ಮುಟ್ಟಿದ ಹಾಗೆ. ಒಂದು ಸಲನೂ ತಪ್ಪಲ್ಲ! ಅವನ ಕೈ ನೋಡಿದ್ರೆ ನಾವು ಏನು ಆಡ್ತೀವಿ ಅಂತ ನಮ್ಮ ಮನೆ ಬೆಕ್ಕಿಗೂ ಗೊತ್ತಾಗುತ್ತೆ."

ಈ ಸಲ ಯಾರೂ ನಗಲಿಲ್ಲ.

"ಅರವತ್ತನಾಲ್ಕು ಅಂದ್ರೆ ನಿಮ್ಮ ಆಂಡರ್ಸ್ ಅಲ್ವೇನೇ? ನಿನ್ನ ಅಣ್ಣ?" ಹಿಂದಿನಿಂದ ಯಾರೋ ಕೇಳಿದರು.

"ಅಯ್ಯೋ, ಅದು ಹಾಳಾಗಲಿ, ಶನಿವಾರ ಬ್ಲೂ ಕ್ರೀಕ್ ಜೊತೆ ಮ್ಯಾಚ್!" ಇನ್ನೊಬ್ಬರು ಹಣೆ ಚಚ್ಚಿಕೊಂಡರು. "ಈ ರೇಡಿಯೊ ಅಲ್ಲಿಗೂ ಕೇಳುತ್ತಲ್ರೀ!"

ರೇಡಿಯೊ ಹಾರ್ಲನ್ ಗಡಿಬಿಡಿಯಲ್ಲಿ ಟ್ರ್ಯಾಕ್ಟರ್ ಟೈರಿನ ಜಾಹೀರಾತು ಹಾಕಿದರು. ಆಡಿದ ಮಾತು, ಒಡೆದ ಮುತ್ತು. ಲಿನೇಯಾ ನಾಲಿಗೆ ಕಚ್ಚಿಕೊಂಡಳು, ಆದರೆ ಕಚ್ಚಿಕೊಳ್ಳುವ ಹೊತ್ತು ಮೀರಿತ್ತು.

ಮನೆಗೆ ಹೋಗುವಾಗ ಅಜ್ಜ ಗಾಡಿ ಓಡಿಸುತ್ತಾ ಒಂದೇ ಪ್ರಶ್ನೆ ಕೇಳಿದರು. "ಇದು ನಿನಗೆ ಯಾವತ್ತು ಕಂಡಿತು?"

"ಹೋದ ಶನಿವಾರ."

"ಇವತ್ತು ಬುಧವಾರ," ಎಂದರು ಅಜ್ಜ.

ಆಂಡರ್ಸ್ ಅಡುಗೆಮನೆಯಲ್ಲೇ ಕೂತಿದ್ದ. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಆಳು, ಆದರೆ ಆವತ್ತು ಯಾಕೋ ಕುಗ್ಗಿಹೋದ ಹಾಗೆ ಕಂಡ. ಕಿರುಚಿದ್ದರೆ ಎಷ್ಟೋ ವಾಸಿ ಇತ್ತು. ಅವನು ಕಿರುಚಲಿಲ್ಲ.

"ಇಡೀ ಟೀಮ್ ಜೊತೆ ಕೂತು ಕೇಳಿದೆ," ಎಂದ. "ನಾಲ್ಕು ದಿನದಿಂದ ಎದುರುಬದುರು ಕೂತು ತಿಂಡಿ ತಿಂತಾ ಇದ್ದೀವಿ. ಹಾಲು ಈ ಕಡೆ ಕೊಡು ಅಂದೆ, ನೀನು ಕೊಟ್ಟೆ. ಆಗ ಹೇಳಬಹುದಿತ್ತಲ್ಲ?"

ಲಿನೇಯಾ ತಲೆ ತಗ್ಗಿಸಿದಳು. ಯಾಕೆ ಹೇಳಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಮೈಕ್ ಮುಂದೆ ಹೇಳಬೇಕು, ಊರೆಲ್ಲ 'ಭಲೇ' ಅನ್ನಬೇಕು ಅಂತ ಆಸೆಪಟ್ಟು, ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ಕಾದಿದ್ದಳು. ಅದನ್ನು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ?

ಮಾರನೇ ದಿನ ತಿಂಡಿಗೆ ಕೂತಾಗ ಆಂಡರ್ಸ್ ಹಾಲಿನ ಜಗ್ಗನ್ನು ತಾನೇ ಎದ್ದು ಬಂದು ತೆಗೆದುಕೊಂಡ. ಅವಳನ್ನು ಕೇಳಲಿಲ್ಲ.

ಶಾಲೆಯಲ್ಲಂತೂ ಕೇಳುವುದೇ ಬೇಡ. ಅವಳ ಕ್ಲಾಸಿನ ಬೂನ್ ಬೆಂಚಿನ ಮೇಲೆ ಹತ್ತಿ ನಿಂತು, ತೋಳುಗಳನ್ನೇ ರೆಕ್ಕೆ ಮಾಡಿ ಬಡಿದ. "ಕೊಕ್ಕೊಕ್ಕೋ! ಬ್ಲೂ ಕ್ರೀಕ್‌ನವರ ಗೂಢಚಾರಿ ಬಂದಳು, ದಾರಿ ಬಿಡ್ರೋ!"

"ನಾನೇನು ಗೂಢಚಾರಿ ಅಲ್ಲ!"

"ಹೌದಾ? ಗೂಢಚಾರರಾದ್ರೂ ಕಿವಿಯಲ್ಲಿ ಪಿಸುಗುಡ್ತಾರೆ. ನೀನು ರೇಡಿಯೊದಲ್ಲೇ ಊದಿಬಿಟ್ಟೆ!"

ಎಲ್ಲರೂ ನಕ್ಕರು. ಲಿನೇಯಾಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಬೂನ್ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳಿಗೆ ಜಾಸ್ತಿ ಚುಚ್ಚಿತು.

ಶುಕ್ರವಾರ ಶಾಲೆ ಬಿಟ್ಟು ಬಂದಾಗ ಆಂಡರ್ಸ್ ಹಿತ್ತಲಲ್ಲಿದ್ದ. ಗ್ಯಾರೇಜಿನ ಗೋಡೆಗೆ ಎದುರಾಗಿ ಬಗ್ಗಿ, ಕೈ ಊರಿ, ದಬಕ್ಕನೆ ಹಿಂದಕ್ಕೆ ಜಿಗಿಯುತ್ತಿದ್ದ. ಮತ್ತೆ ಬಗ್ಗುತ್ತಿದ್ದ. ಮತ್ತೆ ಜಿಗಿತ. ಲಿನೇಯಾ ಮೆಟ್ಟಿಲ ಮೇಲೆ ನಿಂತು ನೋಡಿದಳು. ಹೋಗಲೋ ಬೇಡವೋ ಅಂತ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ.

"ನಿಂತಿರ್ತೀಯೋ, ಬರ್ತೀಯೋ?" ಆಂಡರ್ಸ್ ತಿರುಗದೆಯೇ ಕೇಳಿದ.

ಅವಳು ಓಡಿ ಹೋದಳು.

"ಕೋಚ್ ಏನು ಹೇಳಿದ್ರು ಗೊತ್ತಾ? 'ಹೇಗೂ ಊರಿಗೆಲ್ಲ ಗೊತ್ತಾಗಿದೆ. ಇನ್ನು ಆ ಕೈಯಿಂದಲೇ ಸುಳ್ಳು ಹೇಳಿಸು' ಅಂದ್ರು. ಹಿಂದಕ್ಕೆ ಜಿಗಿದು ಕಾವಲು ನಿಲ್ಲೋ ಎಸೆತದ ಆಟದಲ್ಲಿ ಭಾರ ಹಾಕಬೇಕು, ಮುಂದಕ್ಕೆ ನುಗ್ಗೋ ಓಟದಲ್ಲಿ ಹಗುರ ಬಿಡಬೇಕು. ಎಲ್ಲಾ ಉಲ್ಟಾ. ನನಗೆ ನನ್ನ ಕೈ ಕಾಣಲ್ಲ. ನೀನು ನೋಡು. ಸುಮ್ಮನೆ ಚೆನ್ನಾಗಿದೆ ಅನ್ನಬೇಡ."

ಲಿನೇಯಾ ಹುಲ್ಲಿನ ಮೇಲೆ ಬೋರಲು ಮಲಗಿ ಅವನ ಕೈಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ಇಲ್ಲ, ಸಾಲದು. ಇನ್ನೂ ಭಾರ ಹಾಕು. ಇನ್ನೂ. ಹಾಂ, ಈಗ ಬೆಳ್ಳಗಾಯ್ತು."

ಆಂಡರ್ಸ್ ಹಲ್ಲು ಕಚ್ಚಿ "ಸ್ಸ್" ಎಂದ.

ಅವಳು ಆಗ ಸರಿಯಾಗಿ ನೋಡಿದಳು. ಅವನ ಬಲಗೈಯ ಎರಡು ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಅದು ಬೈನಾಕ್ಯುಲರ್‌ನಲ್ಲೂ ಕಂಡಿತ್ತು, ಆದರೆ ಪಟ್ಟಿಯನ್ನು ಎಲ್ಲ ಆಟಗಾರರೂ ಸುತ್ತಿಕೊಳ್ಳುತ್ತಾರೆ ಅಂದುಕೊಂಡಿದ್ದಳು. ಪಟ್ಟಿಯ ಕೆಳಗೆ ಉಗುರು ಕಪ್ಪಗಾಗಿತ್ತು. ಗೆಣ್ಣು ಬದನೆಕಾಯಿ ಹಾಗೆ ಊದಿಕೊಂಡಿತ್ತು.

"ಅಣ್ಣಾ, ಇದು ಏನಾಯ್ತು?"

"ಉಳುಕಿದೆ. ಮುರಿದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ, ಪಟ್ಟಿ ಕಟ್ಟಿಕೊಂಡು ಆಡಬಹುದು. ಓಡೋವಾಗ ಮುಂದಕ್ಕೆ ನುಗ್ಗಬೇಕಲ್ಲ, ಭಾರ ಹಾಕಲೇಬೇಕು. ಬೇರೆ ಹೊತ್ತಲ್ಲಿ ನನಗೇ ಗೊತ್ತಿಲ್ಲದ ಹಾಗೆ ಎತ್ತಿಬಿಡ್ತಿದ್ದೆ ಅನ್ಸುತ್ತೆ."

"ಯಾವತ್ತಿಂದ?"

"ಮೊದಲನೇ ಮ್ಯಾಚಿಂದ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಆಂಡರ್ಸ್‌ಗೆ ನಗು ಬಂತು. ಬುಧವಾರದಿಂದ ಅದೇ ಮೊದಲ ನಗು. "ಹೇಳೋದೇನು? ನಾನು ತಿಂಗಳಿಂದ ಎಡಗೈಯಲ್ಲಿ ಚಮಚ ಹಿಡಿದು ತಿಂತಾ ಇದ್ದೀನಿ. ನೀನು ಎದುರಿಗೇ ಕೂತಿರ್ತೀಯಲ್ಲ!"

ಲಿನೇಯಾ ಅಣ್ಣನ ಚಮಚವನ್ನು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮೈದಾನದ ಆ ತುದಿಯಿಂದ ಬೆರಳ ತುದಿ ಬೆಳ್ಳಗಾಗುವುದು ಕಂಡಿತ್ತು. ಮೇಜಿನ ಆಚೆ ಇದ್ದ ಚಮಚ ಕಂಡಿರಲಿಲ್ಲ.

"ಸಾಕು ಬಿಡಣ್ಣ. ಇನ್ನು ಭಾರ ಹಾಕಬೇಡ. ನಾಳೆಯೂ ಬೇಡ," ಎಂದಳು. "ನನ್ನಿಂದಲೇ ಇದೆಲ್ಲ. ತಪ್ಪಾಯ್ತು."

"ತಪ್ಪಾಯ್ತು, ಹೌದು," ಆಂಡರ್ಸ್ ಒಪ್ಪಿಕೊಂಡ. "ಅಳೋದು ಆಮೇಲೆ. ಈಗ ಕಣ್ಣು ಒರೆಸಿಕೋ, ಇಲ್ಲದಿದ್ದರೆ ಕೈ ಸರಿಯಾಗಿ ಕಾಣಲ್ಲ. ಹೂಂ, ಇನ್ನೊಂದು ಸಲ."

ಕತ್ತಲಾಗಿ ಅಮ್ಮ ಊಟಕ್ಕೆ ಕೂಗುವವರೆಗೂ ಅವರು ಹಿತ್ತಲಲ್ಲೇ ಇದ್ದರು.

ಶನಿವಾರ ಬ್ಲೂ ಕ್ರೀಕ್‌ನಿಂದ ಬಸ್ಸುಗಟ್ಟಲೆ ಜನ ಬಂದರು. ಅವರು ರೇಡಿಯೊ ಕೇಳಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಡ. ಕೋಳಿಗಳು ಸಾಲಾಗಿ ಬಗ್ಗಿ ನಿಂತ ತಕ್ಷಣ ಬ್ಲೂ ಕ್ರೀಕ್‌ನ ಹುಡುಗರೆಲ್ಲ ಕತ್ತು ಚಾಚಿ ಅರವತ್ತನಾಲ್ಕನೇ ನಂಬರಿನ ಕೈ ನೋಡಿದರು.

"ಬೆಳ್ಳಗಾಯ್ತು! ಓಡ್ತಾರೆ, ಓಡ್ತಾರೆ!" ಅವರಲ್ಲೊಬ್ಬ ದಾಂಡಿಗ ಕೂಗಿದ. ಎಲ್ಲರೂ ಓಟ ತಡೆಯಲು ಹಿಂಡಾಗಿ ಮುಂದಕ್ಕೆ ನುಗ್ಗಿದರು.

ಆಂಡರ್ಸ್ ದಬಕ್ಕನೆ ಹಿಂದಕ್ಕೆ ಜಿಗಿದ. ಚೆಂಡು ಅವರ ತಲೆಗಳ ಮೇಲಿಂದ ಹಾರಿ, ದೂರದಲ್ಲಿ ಒಂಟಿಯಾಗಿ ಓಡುತ್ತಿದ್ದ ಕೋಳಿಯ ಕೈಗೆ ಹೋಗಿ ಬಿತ್ತು. ಅವನನ್ನು ಹಿಡಿಯಲು ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೋಯ್! ಹೋಯ್! ಹೋಯ್!" ವರ್ನರ್ ಅಜ್ಜ ಟೋಪಿ ಎಸೆದರು. ಅದು ಮುಂದಿನ ಸಾಲಿನವರ ಕಾಫಿಗೆ ಬಿತ್ತು. ಕಾಫಿಯವರೂ ಕುಣಿಯುತ್ತಿದ್ದರು, ಯಾರು ಕೇಳುತ್ತಾರೆ!

ಮುಂದಿನ ಸಲ ಆಂಡರ್ಸ್ ಬೆರಳನ್ನು ಹಗುರವಾಗಿ ತಾಗಿಸಿದ. ಎಸೆತ ಬರುತ್ತದೆ ಅಂತ ಬ್ಲೂ ಕ್ರೀಕ್‌ನವರು ಹಿಂದೆ ಹಿಂದೆ ಹೋದರು. ಕೋಳಿಗಳ ಓಟಗಾರ ನಡುವೆಯೇ ನುಗ್ಗಿ ನಡೆದ.

ಊರ ಜನಕ್ಕೆ ಹುಚ್ಚು ಹಿಡಿದ ಹಾಗಾಯಿತು. ಲಿನೇಯಾ ಮಾತ್ರ ಕೂಗಲಿಲ್ಲ. ಅವಳ ಬೈನಾಕ್ಯುಲರ್ ಆ ಕೈ ಮೇಲೆಯೇ ಇತ್ತು. ಬೆರಳು ಬೆಳ್ಳಗಾದಾಗಲೆಲ್ಲ ಜನ ಖುಷಿಯಿಂದ ಎದ್ದು ನಿಲ್ಲುತ್ತಿದ್ದರು. ಅವಳು ತನ್ನ ಬೆರಳುಗಳನ್ನು ಗಟ್ಟಿಯಾಗಿ ಮುಷ್ಟಿ ಮಾಡಿಕೊಳ್ಳುತ್ತಿದ್ದಳು.

ಬ್ಲೂ ಕ್ರೀಕ್‌ನವರೇನು ಪೆದ್ದರಲ್ಲ. ಆಮೇಲಾಮೇಲೆ ಕೈ ನೋಡುವುದನ್ನೇ ಬಿಟ್ಟರು, ಚೆನ್ನಾಗಿ ಆಡಿದರು, ಎರಡು ಪಾಯಿಂಟ್ ಮುಂದೆ ಹೋದರು. ಕೊನೆಯ ಗಳಿಗೆಯಲ್ಲಿ ಕೋಳಿಗಳಿಗೆ ಒಂದು ಅವಕಾಶ ಸಿಕ್ಕಿತು. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸಿದರೆ ಮೂರು ಪಾಯಿಂಟ್, ಗೆಲುವು. ಒದ್ದರು. ಚೆಂಡು ಕಂಬಕ್ಕೆ 'ಟಣ್' ಎಂದು ಬಡಿದು ಈಚೆಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದರೂ ಯಾರೂ ಎದ್ದು ಹೋಗಲಿಲ್ಲ. ನಿಂತು ಚಪ್ಪಾಳೆ ತಟ್ಟಿದರು.

"ಇಷ್ಟು ದಿನ ಸುಮ್ಮಸುಮ್ಮನೆ ಸೋಲ್ತಿದ್ವಿ," ಎಂದರು ಅಜ್ಜ ಒದ್ದೆ ಟೋಪಿ ಹಿಂಡುತ್ತಾ. "ಇವತ್ತು ಆಡಿ ಸೋತ್ವಿ. ಹೊಟ್ಟೆ ತುಂಬಿತು."

ಮ್ಯಾಚ್ ಮುಗಿದ ಮೇಲೆ ಮನೆಯವರೆಲ್ಲ ಮೈದಾನಕ್ಕೆ ಇಳಿಯುವುದು ಅಲ್ಲಿನ ರೂಢಿ. ಲಿನೇಯಾ ಇಳಿಯುವಾಗ ಬೂನ್ ಹಿಂದೆಯೇ ಬಂದ. ಈಗ ಅವನು ಕೋಳಿ ಕೂಗಲಿಲ್ಲ. "ಏ, ಏ, ಇವತ್ತು ಇನ್ನೇನು ಕಂಡಿತು? ಹೇಳೇ! ನನಗೆ ಮೊದಲು ಹೇಳೇ!"

ಕಂಡಿತ್ತು. ಸಾಲಲ್ಲಿ ಅಣ್ಣನ ಪಕ್ಕದಲ್ಲೇ, ಎಡಗಡೆ ನಿಲ್ಲುವ ಎಪ್ಪತ್ತೊಂದನೇ ನಂಬರಿನ ಹುಡುಗ ಪ್ರತಿ ಓಟಕ್ಕೂ ಮೊದಲು ತುಟಿ ಸವರಿಕೊಳ್ಳುತ್ತಿದ್ದ. ಸುತ್ತಲೂ ಹತ್ತಾರು ಜನ ಅವಳ ಬಾಯಿಯನ್ನೇ ನೋಡುತ್ತಾ ನಿಂತರು.

"ಚಳಿ ಜಾಸ್ತಿ ಇತ್ತು," ಎಂದಳು ಲಿನೇಯಾ.

ಆಂಡರ್ಸ್ ಬೆಂಚಿನ ಮೇಲೆ ಕೂತು, ಎಡಗೈ ಒಂದರಲ್ಲೇ ಶೂ ದಾರ ಬಿಚ್ಚಲು ಒದ್ದಾಡುತ್ತಿದ್ದ. ಅವಳು ಮಂಡಿಯೂರಿ ಕೂತು, ಕೆಸರು ಮೆತ್ತಿದ ಗಂಟನ್ನು ಬಿಡಿಸಿದಳು. ಆಮೇಲೆ ಅವನ ಕಿವಿ ಹತ್ತಿರ ಬಾಯಿ ಇಟ್ಟು ಎಪ್ಪತ್ತೊಂದರ ವಿಷಯ ಹೇಳಿದಳು.

ಆಂಡರ್ಸ್ ಕಣ್ಣರಳಿಸಿದ.

"ಬಾ," ಎಂದು ಎದ್ದ. "ಅವನು ಅಲ್ಲೇ ಇದ್ದಾನೆ. ಅವನಿಗೂ ಮೆಲ್ಲಗೆ ಹೇಳೋಣ."

ಅವನು ಮರೆತು ಬಲಗೈಯನ್ನೇ ಚಾಚಿದ. ಲಿನೇಯಾ ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಎಡಗೈಯನ್ನು ಹಿಡಿದುಕೊಂಡಳು.