ಸದ್ದು ಮಾಡುವ ನೆಲ

ನೆಲದ ಕೆಲಸದವರು ಒಬ್ಬರೇ ಕಾರಿನಿಂದ ಮೂರು ತುಂಡು ನೆಲ ಇಳಿಸಿಕೊಂಡು ಬಂದರು. ಒಂದು ಮೊಸಾಯಿಕ್, ಒಂದು ಮರ, ಒಂದು ಬಾಟಲಿ ಬಿರಡೆಯಂಥ ಮೆತ್ತನೆ ಕಾರ್ಕ್. ಮೂರನ್ನೂ ಹಾಲ್‌ನಲ್ಲಿ ಸಾಲಾಗಿ ಇಟ್ಟು, "ಚಪ್ಪಲಿ ಬಿಟ್ಟು ಒಂದ್ಸಲ ನಡೆದು ನೋಡಿ ಟೀಚರ್. ಕಾಲಿಗೆ ಯಾವ್ದು ಹಿತ ಅನ್ಸತ್ತೋ ಅದೇ ಹಾಕೋಣ" ಎಂದರು.

ನಡೆದೆ. "ಯಾವ್ದಾದ್ರೂ ಆಗತ್ತೆ" ಎಂದೆ.

"ಇನ್ನೊಂದ್ಸಲ ನಡೀರಿ."

ಮತ್ತೆ ನಡೆದೆ. "ಎಲ್ಲಾ ಒಂದೇ."

ಅವರ ಮುಖ ಸಪ್ಪಗಾಯಿತು. ಮನೆಮನೆಗೆ ನೆಲ ಆರಿಸಿ ಹಾಕಿಕೊಡುವುದೇ ಅವರ ವೃತ್ತಿ. "ನೀವು ನೆಲಾನ ಇಷ್ಟು ಕಾಲಕಸ ಮಾಡಿದ್ರೆ ಹೇಗೆ?" ಎಂದು ನಗಲು ನೋಡಿದರು. ನನಗೆ ಸೊಕ್ಕು ಎಂದುಕೊಂಡರೆಂದು ಗೊತ್ತಾಯಿತು. ಬೇಜಾರಾಗಬೇಕಿತ್ತು. ಆಗಲಿಲ್ಲ. ಆಗೆಲ್ಲ ನನಗೆ ಏನೂ ಆಗುತ್ತಿರಲಿಲ್ಲ.

ವಿಷಯ ಇಷ್ಟೇ. ಹೋದ ವರ್ಷ ಕ್ಯಾನ್ಸರ್‌ಗೆಂದು ಕೊಟ್ಟ ಔಷಧಿ ಕಾಯಿಲೆಯನ್ನು ಓಡಿಸುವ ಭರದಲ್ಲಿ ನನ್ನ ಪಾದಗಳ ಸ್ಪರ್ಶವನ್ನೂ ಓಡಿಸಿಬಿಟ್ಟಿತ್ತು. ನೆಲ ತಣ್ಣಗಿದೆಯೋ ಬಿಸಿಯೋ, ಕಾಲು ಊರಿದೆಯೋ ಇಲ್ಲವೋ, ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ನಾನು ಸದಾ ತಲೆ ತಗ್ಗಿಸಿ ನಡೆಯುವುದನ್ನು ಹೊಸಬರು ನಾಚಿಕೆ ಎಂದುಕೊಳ್ಳುತ್ತಿದ್ದರು. ಮನಸ್ಸೂ ಪಾದಗಳ ದಾರಿಯನ್ನೇ ಹಿಡಿದಿತ್ತು. ಡಾಕ್ಟರು "ಪೂರ್ತಿ ಗುಣ ಆಗಿದೆ" ಎಂದ ದಿನ ಅಕ್ಕ ಅತ್ತಳು, ಭಾವ ಅತ್ತರು. ನಾನು ಪಾರ್ಕಿಂಗ್ ಚೀಟಿ ಹುಡುಕುತ್ತಿದ್ದೆ.

ಅಕ್ಕನಿಗೆ ನಾನು ಅವಳ ಮನೆಗೇ ಬಂದುಬಿಡಬೇಕು. ನನಗೆ ಈ ಮನೆ ಬೇಕು. ಐವತ್ತರ ದಶಕದ ಶೈಲಿ, ಮಿಡ್‌ಸೆಂಚುರಿ ಮಾಡರ್ನ್ ಎಂದು ಮಾರಿದವರು ಹೇಳಿದ್ದರು. ಚಪ್ಪಟೆ ಸೂರು, ಗೋಡೆಯ ಬದಲು ಉದ್ದಕ್ಕೂ ಗಾಜು, ಹಾಲ್‌ನ ನಡುವೆ ಎರಡು ಮೆಟ್ಟಿಲು ಇಳಿದು ಕೂರುವ ಚೌಕ. "ದುಡ್ಡು ಕೊಟ್ಟು ಹಳ್ಳಕ್ಕೆ ಬೀಳ್ತಿದೀಯಲ್ಲೇ" ಎಂದು ಅಕ್ಕ ರೇಗಿದ್ದಳು. ಆದರೆ ಆಸ್ಪತ್ರೆ ಬಿಟ್ಟ ಮೇಲೆ ನಾನಾಗಿ ಬೇಕು ಎಂದದ್ದು ಇದೊಂದನ್ನೇ. ಅದಕ್ಕೇ ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು. ಈ ಮನೆಯಲ್ಲಿ ಒಂದೇ ಒಂದು ಸಲ ಬಿದ್ದರೂ ಗಂಟುಮೂಟೆ ಕಟ್ಟಿ ಅವಳ ಮನೆಗೆ ಹೊರಡಬೇಕು.

ಮುಂದಿನ ವಾರ ನೆಲದವರೇ ಕಾರ್ಕ್ ಆರಿಸಿ ತಂದರು. ಅಂಟು ಹಾಕದೆ ಹಾಲ್‌ಗೂ ಮೆಟ್ಟಿಲಿಗೂ ಹಾಸಿ ತೋರಿಸಿದರು. "ಈ ಥರದ ಮನೆಗೆ ಒಪ್ಪೋದು ಇದೇ. ನಡೆದ್ರೆ ಸಪ್ಪಳವೇ ಇಲ್ಲ, ಬೆಕ್ಕು ಹೋದ ಹಾಗೆ. ಬನ್ನಿ."

ಹೊರಟೆ. ಅವರು ಚೌಕದೊಳಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ಈಗಲಾದರೂ ಮೆಚ್ಚುಗೆ ಕಾಣುತ್ತದೇನೋ ಎಂದು. ಹುಬ್ಬು ಒಂಚೂರು ಮೇಲೇರಿತ್ತು, ತುಟಿಯ ಕೊನೆಯಲ್ಲಿ ನಗು ಅಪ್ಪಣೆಗೆ ಕಾದಿತ್ತು. ಮರ್ಯಾದೆಗೆಂದು ನಾನೂ ತಲೆಯೆತ್ತಿ ಅವರ ಮುಖ ನೋಡಿದೆ. ಚೌಕದ ಅಂಚು ಬಂದದ್ದು ತಿಳಿಯಲೇ ಇಲ್ಲ.

ಕಥೆಗಳಲ್ಲಾದರೆ ಇಂಥ ಹೊತ್ತಿನಲ್ಲಿ ಗಂಡಸರು ಹಿಡಿದುಕೊಳ್ಳುತ್ತಾರೆ. ಇವರು ಎರಡೂ ಕೈಯಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದರು. ನಾನು ದೊಪ್ಪೆಂದು ಬಿದ್ದೆ.

"ಪೆಟ್ಟಾಯ್ತಾ? ಅಯ್ಯೋ, ನಿಮ್ಮ ಹಿಮ್ಮಡೀಲಿ ಮೊಳೆ ಇದೆ" ಎಂದರು. ಹಳೆಯ ಕಾರ್ಪೆಟ್ ಕಿತ್ತಾಗ ಉಳಿದ ಸಣ್ಣ ಮೊಳೆ, ತಲೆಯವರೆಗೂ ಒಳಗೆ ಇಳಿದಿತ್ತು.

"ಹೌದಾ?" ಎಂದೆ. "ಬೆಳಿಗ್ಗೆಯಿಂದ ಇತ್ತೋ ಏನೋ."

ಅವರು ಮೊಳೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತರು. ಎಲ್ಲ ಹೇಳಿದೆ.

"ಮೊದಲೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಜನ ಮುಖ ಒಂಥರಾ ಮಾಡ್ಕೋತಾರೆ. ಈಗ ನೀವ್ ಮಾಡ್ಕೊಂಡಿದೀರಲ್ಲ, ಹಾಗೆ."

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ಈಗ?"

"ಪರವಾಗಿಲ್ಲ."

ಅವರೇ ಮೊಳೆ ತೆಗೆಸಿ, ಇಂಜೆಕ್ಷನ್ ಕೊಡಿಸಿ, ವಾಪಸ್ಸು ಕರೆತಂದರು. ಗೇಟಿನ ಬಳಿ ನಾನೇ ಕೇಳಿದೆ. "ಸದ್ದು ಮಾಡೋ ನೆಲ ಹಾಕ್ತೀರಾ? ಕಾಲು ಊರಿದ್ದು ಕಿವಿಗೆ ಕೇಳಿದ್ರೂ ನನಗೆ ಸಾಕು."

"ಟೀಚರ್, ಸದ್ದು ಅಡಗಿಸೋದೇ ಇಷ್ಟು ವರ್ಷ ನನ್ನ ಕೆಲ್ಸ."

"ಹಾಗಾದ್ರೆ ಸದ್ದು ಎಲ್ಲಿ ಅಡಗಿರತ್ತೆ ಅಂತ ಗೊತ್ತಿರ್ಬೇಕಲ್ಲ."

ಅವರು ಮೊದಲ ಸಲ ಸರಿಯಾಗಿ ನಕ್ಕರು. ಚೆನ್ನಾಗಿ ನಗುತ್ತಾರೆ ಎಂದು ಲೆಕ್ಕ ಹಾಕಿಕೊಂಡೆ. ಲೆಕ್ಕದ ಟೀಚರಲ್ಲವೇ, ಅನುಭವಕ್ಕೆ ಬಾರದ್ದನ್ನೂ ಗುರುತು ಹಾಕಿಡುವುದು ಅಭ್ಯಾಸ.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಬಿದ್ದದ್ದನ್ನು ಹೇಳಿದೆ. ಅವಳು ಕೇಳಿದ್ದು ಒಂದೇ. "ಯಾವಾಗ ಬರ್ತೀಯ?"

"ನೆಲ ಹಾಕಿದ್ಮೇಲೆ ನೀನು ಬಾ. ನಾನು ನಡೀತೀನಿ. ಆಗ್ಲೂ ಈ ಮನೆ ಬೇಡ ಅಂತ ನಿನಗೆ ಅನ್ಸಿದ್ರೆ ನಿನ್ನ ಕಾರಲ್ಲೇ ಕೂರ್ತೀನಿ."

ಅವರು ಸಂಜೆ ಸಂಜೆ ಬರತೊಡಗಿದರು. ಮರದ ಪಟ್ಟಿಗಳ ಮೇಲೆ ಹಲಗೆ ಜೋಡಿಸುವುದು, ನಾನು ಕಣ್ಣು ಮುಚ್ಚಿ ನಡೆಯುವುದು, ಅವರು ಕಿತ್ತು ಮತ್ತೆ ಜೋಡಿಸುವುದು. ಮೊದಮೊದಲು ಎಲ್ಲ ಕಡೆ ಒಂದೇ ಟಕ್. ಅದರಿಂದ ಕಾಲು ಊರಿದ್ದು ತಿಳಿಯುತ್ತಿತ್ತು, ಎಲ್ಲಿ ಎಂಬುದು ತಿಳಿಯುತ್ತಿರಲಿಲ್ಲ. ಅಂಚಿನ ಹತ್ತಿರ ಬೇರೆ ಸದ್ದು ಬರಲಿ ಎಂದೆ. ಅವರು ಚೌಕದ ಸುತ್ತ ಎರಡು ಸಾಲು ಹಲಗೆಯ ಕೆಳಗೆ ಟೊಳ್ಳು ಬಿಟ್ಟರು. ಅಲ್ಲಿ ಕಾಲಿಟ್ಟರೆ ಡಬ್ ಎನ್ನುತ್ತಿತ್ತು.

"ಯಾರಾದ್ರೂ ಕೇಳಿದ್ರೆ ನಾನ್ ಹಾಕಿದ್ದು ಅಂತ ಮಾತ್ರ ಹೇಳ್ಬೇಡಿ" ಎಂದು ಅವರು ತಲೆ ಚಚ್ಚಿಕೊಂಡರು.

"ದೊಡ್ಡ ಬೋರ್ಡೇ ಹಾಕಿಸ್ತೀನಿ."

ಅಕ್ಕ ಬಂದದ್ದು ಭಾನುವಾರ. ಕಾರಿನಿಂದ ಇಳಿಯುವಾಗಲೇ "ನಿನ್ನ ನೆಲದವ್ರು ಇವ್ರೇನಾ?" ಎಂದು ‘ನಿನ್ನ’ವನ್ನು ಒತ್ತಿ ಕೇಳಿದಳು. ನೆಲದವರು ಟೇಪನ್ನು ಜೇಬಿಗೆ ತುರುಕಿ ಚೌಕದ ಆಚೆ ಹೋಗಿ ನಿಂತರು.

ನಾನು ಬಾಗಿಲಿನಿಂದ ಹೊರಟೆ. ತಲೆ ತಗ್ಗಿಸಲಿಲ್ಲ. ಟಕ್, ಟಕ್, ಟಕ್. ಅವರ ಮುಖದ ಮೇಲೆ ಕಣ್ಣಿಟ್ಟು ನಡೆದೆ. ಅವರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದರು, ಕಿವಿ ಕೆಂಪಾಯಿತು, ಆದರೂ ನೋಟ ತೆಗೆಯಲಿಲ್ಲ. ಡಬ್ ಎಂದಿತು. ನಿಂತೆ. ಎರಡು ಮೆಟ್ಟಿಲು ಇಳಿದೆ, ಎರಡು ಹತ್ತಿದೆ.

ಅಕ್ಕ ಮೂಗು ಒರೆಸಿಕೊಂಡು, "ಮನೆಯೋ ಡೋಲೋ" ಎಂದಳು. ಊಟ ಮುಗಿಸಿ ಒಬ್ಬಳೇ ವಾಪಸ್ಸು ಹೋದಳು.

ಅವರು ಹೋಗಲಿಲ್ಲ. ಕೆಲಸ ಮುಗಿದಿತ್ತು. ಆದರೂ ಮೆಟ್ಟಿಲ ಮೇಲೆ ಕೂತು ಅಲ್ಲಾಡದ ಹಲಗೆಯೊಂದನ್ನು ಅಲ್ಲಾಡಿಸಿ ನೋಡುತ್ತಿದ್ದರು. ನಾನೂ ಒಂದು ಮೆಟ್ಟಿಲು ಮೇಲೆ ಕೂತೆ.

"ನಾಳೆಯಿಂದ ಬರಕ್ಕೆ ನೆಪ ಇಲ್ಲ" ಎಂದರು. "ನೆಪ ಇಲ್ದೇನೂ ಬರ್ಬೇಕು ಅನ್ಸತ್ತೆ. ನಿಮ್ಮನ್ನ ಬಿಟ್ಟಿರಕ್ಕೆ ನನಗೆ ಇಷ್ಟ ಇಲ್ಲ ಟೀಚರ್."

ಎದೆ ಡವಗುಟ್ಟಬೇಕಿತ್ತು. ಕಾದು ನೋಡಿದೆ. ಇಲ್ಲ. ಸುಳ್ಳು ಹೇಳುವಷ್ಟು ಚಿಕ್ಕ ವಯಸ್ಸು ನನ್ನದಲ್ಲ, ಅವರದ್ದೂ ಅಲ್ಲ.

"ನನಗೆ ಈಗ ಏನೂ ಅನ್ನಿಸ್ತಿಲ್ಲ" ಎಂದೆ. "ಮುಂದೆ ಅನ್ಸತ್ತೆ ಅಂತ ಮಾತು ಕೊಡಕ್ಕಾಗಲ್ಲ. ಆದ್ರೆ ನೀವು ಎದ್ದು ಹೋಗೋದು ಬೇಡ ಅಂತ ಮಾತ್ರ ಗೊತ್ತಿದೆ."

"ಅಷ್ಟು ಸಾಕು."

"ಸಾಕಾಗಲ್ಲ. ನೀವ್ ನನ್ನ ಕಾಲು ಮುಟ್ಟಿದ್ರೂ ನನಗೆ ಗೊತ್ತಾಗಲ್ಲ."

ಅವರು ಹಲಗೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹಾಗಾದ್ರೆ ಹೇಳಿ ಮುಟ್ತೀನಿ."

ಹೊರಗೆ ಬೆಳಕು ಇಳಿದು ಗಾಜಿನಲ್ಲಿ ನಾವಿಬ್ಬರೇ ಕಾಣುತ್ತಿದ್ದೆವು. ನಾನು ಕಣ್ಣು ಮುಚ್ಚಿಕೊಂಡೆ.

"ಎಡಗಾಲು" ಎಂದರು. "ಹೆಬ್ಬೆರಳು."

ನಂಬಿದೆ.